ರಸ್ತೆಗೆ ಹೋಗಿದ್ದು 22 ಗುಂಟೆ, ಕೈಬಿಟ್ಟಿದ್ದು 50

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. 2 ಎಕರೆ 10 ಗುಂಟೆ ಗದ್ದೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸಿಗೆ 22 ಗುಂಟೆ ಹೋಯಿತು. ಪರಿಹಾರ ಬಂದಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ರಸ್ತೆಯಾಚೆ ಉಳಿದ 28 ಗುಂಟೆಯೂ ಬೀಳು ಬಿದ್ದಿದೆ. ತಪ್ಪು ನಮ್ಮದೇನಾ?

ಉತ್ತರ: ನಿಮ್ಮದಲ್ಲ. ಸರ್ವೆಯವರು ಅಳೆಯುವುದು ರಸ್ತೆಯ ಕೆಳಗೆ ಹೋದ ಜಾಗವನ್ನು ಮಾತ್ರ. ಬೈಪಾಸು ಬದು ನೋಡಿಕೊಂಡು ಹೋಗುವುದಿಲ್ಲ, ಗದ್ದೆಗಳನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆ, ಹಾಗಾಗಿ ನಿಮ್ಮ ಕೈಗೆ ಉಳಿದಿದ್ದು ಮೂರು ಮೂಲೆಯ ತುಂಡು. ಅದರಲ್ಲಿ ಟ್ರ್ಯಾಕ್ಟರ್ ತಿರುಗಿಸುವಷ್ಟರಲ್ಲೇ ಡೀಸೆಲ್ ಅರ್ಧ ಖಾಲಿ.

ಬೋರ್‌ವೆಲ್ ಈಚೆ ಕಡೆ ಉಳಿದಿರಬೇಕು ಅಲ್ವಾ? ಇಂಥ ಗದ್ದೆಗಳಲ್ಲಿ ನಾನು ನೋಡಿರುವುದು ಅದನ್ನೇ. ಎರಡಾಳೆತ್ತರ ಮಣ್ಣು ಏರಿಸಿದ ರಸ್ತೆ, ಅದರ ಬುಡದಲ್ಲಿ ಕಪ್ಪು ಪೈಪು ಕತ್ತರಿಸಿ ಬಾಯಿಗೆ ಗೋಣಿಚೀಲ ತುರುಕಿರುತ್ತಾರೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸಣ್ಣ ಕಾಲುವೆ ಅಡ್ಡ ಬಂದರೆ ಒಂದು ಮೋರಿ ಇಡುತ್ತಾರೆ ನಿಜ, ಆದರೆ ಮೋರಿ ಕಾಲುವೆಗಿಂತ ಒಂದು ಅಡಿ ಎತ್ತರದಲ್ಲಿ ಕೂತರೂ ನೀರು ಆಚೆ ಹೋಗಲ್ಲ, ಈಚೆಯೇ ನಿಂತು ಪಕ್ಕದವರ ಭತ್ತ ಕೊಳೆಯುತ್ತದೆ.

ಇನ್ನು ದಾರಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಓಡಿಸುವಂತಿಲ್ಲ. ಎದುರಿಗೇ ಕಾಣುವ ಗದ್ದೆಗೆ ಸರ್ವೀಸ್ ರಸ್ತೆ ಹಿಡಿದು ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು. ಗೊಬ್ಬರ ಹೇಗೋ ಸಾಗಿಸಬಹುದು, ಕಬ್ಬಿನ ಲೋಡು ತರುವಾಗ ಗೊತ್ತಾಗುತ್ತದೆ ಕಷ್ಟ. ಕೂಲಿಯವರೂ ಮೊದಲು ಕೇಳುವುದು "ಆಚೆ ಗದ್ದೆಯಾ, ಈಚೆಯದಾ?" ಅಂತ.

ಒಂದು ಕೆಲಸ ಮಾಡಿ. ಪರಿಹಾರದ ಅವಾರ್ಡ್, ಅಂದರೆ ಪರಿಹಾರ ಎಷ್ಟು ಅಂತ ನಿಗದಿ ಮಾಡಿದ ಆದೇಶ, ಅದರ ಪ್ರತಿ ತೆಗೆದು ಓದಿ. ಜಮೀನು ತುಂಡಾಗಿದ್ದರಿಂದ ಆದ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲೂ ಇದೆ, 2013ರ ಭೂಸ್ವಾಧೀನ ಕಾಯ್ದೆಯಲ್ಲೂ ಇದೆ. ಆ ಸಾಲು ಅವಾರ್ಡ್‌ನಲ್ಲಿ ಇಲ್ಲದಿದ್ದರೆ ಆರ್ಬಿಟ್ರೇಟರ್ (ಪರಿಹಾರದ ತಕರಾರು ತೀರ್ಮಾನಿಸುವವರು) ಮುಂದೆ ಹೋಗಲು ಇನ್ನೂ ಅವಕಾಶ ಇದೆಯಾ ಅಂತ ಭೂಸ್ವಾಧೀನದ ಕೇಸು ನಡೆಸುವ ವಕೀಲರನ್ನು ಈ ವಾರವೇ ಕೇಳಿ. ಸುಮ್ನೆ ಮುಂದೂಡಬೇಡಿ.

ಪ್ರಶ್ನೆ: ಒಂದು ಕಿಲೋಮೀಟರ್ ಹೆದ್ದಾರಿಗೆ ಎಷ್ಟು ಜಮೀನು ಬೇಕು?

ಉತ್ತರ: ಅಗಲ 60 ಮೀಟರ್ ಅಂತ ಹಿಡಿದರೆ 6 ಹೆಕ್ಟೇರ್, ಅಂದರೆ ಹೆಚ್ಚು ಕಡಿಮೆ 15 ಎಕರೆ. ಬೆಂಗಳೂರು–ಮೈಸೂರು ಹೆದ್ದಾರಿಯ 118 ಕಿ.ಮೀ.ನಲ್ಲಿ ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಬೈಪಾಸುಗಳೇ ಸುಮಾರು 52 ಕಿ.ಮೀ. ನೀವೇ ಗುಣಿಸಿ ನೋಡಿ. ಏರಿಸುವ ಮಣ್ಣು ಎಲ್ಲಿಂದ ಬರುತ್ತದೆ ಅನ್ನುವುದು ಬೇರೆ ಕಥೆ. ಅಕ್ಕಪಕ್ಕದ ಹೊಲದ ಮೇಲ್ಮಣ್ಣು ಮಾರಿಕೊಂಡರೆ ಆಮೇಲೆ ಕೆಲವು ವರ್ಷ ಏನು ಹಾಕಿದರೂ ಸರಿಯಾಗಿ ಬರಲ್ಲ.

ಪ್ರಶ್ನೆ: ರಸ್ತೆಯಿಂದ ರೈತರಿಗೆ ಲಾಭವೂ ಇದೆಯಲ್ಲ? ಬರೀ ನಷ್ಟ ಹೇಳ್ತೀರಲ್ಲ!

ಉತ್ತರ: ಇದೆ, ಯಾರು ಇಲ್ಲ ಅಂದರು? ಮದ್ದೂರಿನ ಎಳನೀರು ಬೇಗ ಬೆಂಗಳೂರು ಸೇರುತ್ತದೆ, ತರಕಾರಿ ಬಾಡುವುದು ಕಡಿಮೆ. ಜಮೀನಿನ ಬೆಲೆಯೂ ಜಾಸ್ತಿಯಾಗುತ್ತದೆ. ಆದರೆ ಆ ಬೆಲೆ ಕೊಟ್ಟು ಕೊಳ್ಳುವವರು ಬೇಸಾಯಕ್ಕೆ ಕೊಳ್ಳುತ್ತಾರಾ? ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಕರ್ನಾಟಕದಲ್ಲಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡವರು ಬೇಲಿ ಹಾಕಿ ಸುಮ್ಮನೆ ಬಿಡುತ್ತಾರೆ. ಸೈಟಿನ ಕಲ್ಲು ನೆಡುವುದು ಆಮೇಲೆ, ಗದ್ದೆ ಬೀಳು ಬೀಳುವುದು ಅವತ್ತೇ. ಕಾಲುವೆ ಕೆರೆದು ಸರಿ ಮಾಡಲು ಐದು ಜನ ಬರುತ್ತಿದ್ದ ಕಡೆ ಇಬ್ಬರು ಉಳಿಯುತ್ತಾರೆ, ಉಳಿದವರಿಗೂ ಬೇಸರ.

ನೀವೂ ಸ್ವಲ್ಪ ಮಾರುವ ಯೋಚನೆಯಲ್ಲಿದ್ದರೆ ಬೇಡ ಅನ್ನುವುದಿಲ್ಲ, ದುಡ್ಡಿನ ಕಷ್ಟ ನಿಮಗೆ ಗೊತ್ತು. ಹಿಂದಿನ ಗದ್ದೆಗೆ ಹೋಗುವ ಬಂಡಿ ದಾರಿ ಮತ್ತು ಪೈಪ್‌ಲೈನ್ ಎರಡನ್ನೂ ಕ್ರಯಪತ್ರದಲ್ಲಿ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಸಮೇತ ಬರೆಸಿಕೊಂಡು ಆಮೇಲೆ ಸಹಿ ಹಾಕಿ.