ಓದುಗರ ಪ್ರಶ್ನೆ: ಬೆರಳು ತೋರುವ ಪೋಸ್ಟರ್

ಪ್ರಶ್ನೆ: ಪಿಯು ಇತಿಹಾಸ ಪಾಠಕ್ಕೆಂದು ಮೊದಲ ಮಹಾಯುದ್ಧದ ಸೇನಾ ನೇಮಕಾತಿ ಪೋಸ್ಟರ್‌ಗಳನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದ್ದೇನೆ. ಬೆರಳು ತೋರಿಸುವ ಮೀಸೆಯವನು ಎಲ್ಲಿ ಕೂತರೂ ನಮ್ಮನ್ನೇ ನೋಡುತ್ತಾನೆ ಅಂತಾರೆ ಮಕ್ಕಳು. ಹೇಗೆ? ಉಳಿದವುಗಳಲ್ಲಿ ಏನು ಗಮನಿಸಬೇಕು?
— ಉಪನ್ಯಾಸಕಿ, ದಾವಣಗೆರೆ

ಉತ್ತರ: ಆತ ಬ್ರಿಟನ್ನಿನ ಯುದ್ಧಮಂತ್ರಿ ಕಿಚನರ್. ಆಲ್ಫ್ರೆಡ್ ಲೀಟ್ ಬರೆದ ಈ ಚಿತ್ರ ಮೊದಲು ಬಂದದ್ದು 1914ರ ಸೆಪ್ಟೆಂಬರ್ 5ರ ‘ಲಂಡನ್ ಒಪಿನಿಯನ್’ ಮುಖಪುಟದಲ್ಲಿ. ಕಣ್ಣಿನ ಪಾಪೆ ನಟ್ಟನಡುವೆ ಇದೆ, ಕಾಗದ ಚಪ್ಪಟೆ. ಎದುರಿಗೆ ಮನುಷ್ಯನೇ ನಿಂತಿದ್ದರೆ ನೀವು ಪಕ್ಕಕ್ಕೆ ಸರಿದಾಗ ಅವನ ಕಿವಿ, ಕೆನ್ನೆ ಕಾಣುತ್ತಿತ್ತು. ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ನೋಟವೂ ಸರಿಯುವುದಿಲ್ಲ. ನಿಮ್ಮೂರಿನ ಫ್ಲೆಕ್ಸ್‌ಗಳಲ್ಲಿ ಕೈಮುಗಿದು ನಿಂತವರೂ ಇದೇ ಲೆಕ್ಕದಲ್ಲಿ ಎಲ್ಲರನ್ನೂ ನೋಡುತ್ತಿರುತ್ತಾರೆ!

ಇದಕ್ಕಿಂತ ಚುರುಕಾದದ್ದು 1915ರ ಇನ್ನೊಂದು. ಕುರ್ಚಿಯಲ್ಲಿ ಅಪ್ಪ, ತೊಡೆಯ ಮೇಲೆ ಪುಸ್ತಕ ಹಿಡಿದ ಮಗಳು, ನೆಲದ ಮೇಲೆ ಆಟಿಕೆ ಸೈನಿಕರ ಜೊತೆ ಮಗ. ‘ಅಪ್ಪಾ, ಮಹಾಯುದ್ಧದಲ್ಲಿ ನೀನೇನು ಮಾಡಿದೆ?’ ಎಂಬುದು ಪ್ರಶ್ನೆ. ಮಗಳ ಮಾತಿನಲ್ಲಿ ಯುದ್ಧ ಆಗಲೇ ಮುಗಿದಿದೆ, ಮನೆ ಸುಭದ್ರವಾಗಿದೆ. ಹೋದವನು ಸತ್ತಿದ್ದರೆ ಈ ಕುರ್ಚಿ ಖಾಲಿ ಇರುತ್ತಿತ್ತಲ್ಲ, ಅದನ್ನು ಚಿತ್ರ ಮುಚ್ಚಿಡುತ್ತದೆ. ‘ಹೋಗಬೇಕೇ’ ಎಂದು ಯೋಚಿಸುತ್ತಿದ್ದವನ ತಲೆಯಲ್ಲಿ ‘ಮಕ್ಕಳಿಗೆ ಹೇಗೆ ಮುಖ ತೋರಿಸಲಿ’ ಎಂಬುದನ್ನು ತುಂಬುತ್ತದೆ.

ತರಗತಿಯಲ್ಲಿ ಮೊದಲು ಅಕ್ಷರಗಳನ್ನು ಕಾಗದದಿಂದ ಮುಚ್ಚಿ, ಚಿತ್ರವೊಂದೇ ಏನು ಹೇಳುತ್ತದೆಂದು ಬರೆಸಿ. ಆಮೇಲೆ ಕಿಚನರ್ ಚಿತ್ರದ ‘ಯುವರ್ ಕಂಟ್ರಿ ನೀಡ್ಸ್ ಯು’ ಎಂಬ ಘೋಷಣೆಯನ್ನು ಕನ್ನಡಕ್ಕೆ ತರಿಸಿ. ಇಂಗ್ಲಿಷಿನ ‘ಯು’ ಇಲ್ಲಿ ‘ನೀನು’ ಆಗಬೇಕೋ ‘ನೀವು’ ಆಗಬೇಕೋ ಎಂದು ಜಗಳ ಬಿದ್ದೇ ಬೀಳುತ್ತದೆ, ಬೀಳಲಿ. ಕೊನೆಗೆ ಚಿತ್ರದಲ್ಲಿ ಇಲ್ಲದ್ದನ್ನು ಪಟ್ಟಿ ಮಾಡಿಸಿ: ಗಾಯ, ಕೆಸರು, ಯುದ್ಧ ಎಷ್ಟು ವರ್ಷ ಎಂಬ ಮಾತು.

ಒಂದು ತಪ್ಪು ಮಾತ್ರ ಬೇಡ. ಪೋಸ್ಟರ್ ನೋಡಿಯೇ ಜನ ಮುಗಿಬಿದ್ದರು ಎನ್ನಬೇಡಿ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಜನ, ಸುಮಾರು 4.6 ಲಕ್ಷ, ಸೇರಿದ್ದು 1914ರ ಸೆಪ್ಟೆಂಬರಿನಲ್ಲೇ. ಅಪ್ಪನ ಪೋಸ್ಟರ್ ಬಂದದ್ದು ಆ ಸಾಲು ಕರಗಿದ ಮೇಲೆ. 1916ರ ಜನವರಿಯಲ್ಲಿ ಕಡ್ಡಾಯ ಸೇವೆಯ ಕಾಯ್ದೆಯನ್ನೇ ತರಬೇಕಾಯಿತು.

ಪ್ರಶ್ನೆ: ನಮ್ಮ ದೇಶದಲ್ಲೂ ಇಂಥ ಪೋಸ್ಟರ್ ಇದ್ದವೇ?
— ಓದುಗರು, ಚಿತ್ರದುರ್ಗ

ಉತ್ತರ: ಇದ್ದವು, ಆದರೆ ಧಾಟಿ ಬೇರೆ. ಉರ್ದುವಿನ ಒಂದರಲ್ಲಿ ಸಮವಸ್ತ್ರ, ಬಂದೂಕು, ರೂಪಾಯಿ ಇಟ್ಟು ‘ಇವು ಯಾರಿಗೆ? ತಕ್ಷಣ ಸೇರುವವನಿಗೆ’ ಎಂದಿದೆ. ನಾಚಿಕೆಯ ಮಾತಿಲ್ಲ, ನೇರ ಸಂಬಳದ ಮಾತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಈಗಿನ ಇಸ್ರೇಲ್‌ನ ಊರು) ಕಾದಿದ ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಸ್ವಂತ ಕುದುರೆ ದಳ. ಅವರನ್ನು ಪೋಸ್ಟರ್ ನೋಡಿ ಸೇರಿದವರ ಸಾಲಿಗೆ ಸೇರಿಸಬೇಡಿ.