ಬಣ್ಣ ಮುಖದ ಮೇಲೋ, ಮುಖದೊಳಗೋ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಬಿಬಿ ಗ್ಲೋ ಕುರಿತವು. ಸಣ್ಣ ಮೊನೆಗಳಿರುವ ಯಂತ್ರದಿಂದ ಬಣ್ಣದ ಸೀರಮ್ಮನ್ನು ಮುಖಕ್ಕೆ ಕೂಡಿಸಿ, ಫೌಂಡೇಶನ್ ಹಚ್ಚಿದ ಹಾಗೆ ಕಾಣಿಸುವುದು ಇದರ ಉದ್ದೇಶ. ಒಂದೇ ತೆರನಾದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಬಿಬಿ ಗ್ಲೋ ಬಣ್ಣ ಎರಡು ವಾರ ನಿಲ್ಲುತ್ತದೆ ಎಂದು ಒಬ್ಬರು, ಒಂದು ವರ್ಷ ಎಂದು ಇನ್ನೊಬ್ಬರು ಹೇಳಿದರು. ಯಾರನ್ನು ನಂಬುವುದು?

ಉತ್ತರ: ಇಬ್ಬರ ಮಾತೂ ನಿಜವಿರಬಹುದು. ಆದರೆ ಅವರು ಹೇಳುತ್ತಿರುವುದು ಒಂದೇ ಚಿಕಿತ್ಸೆಯ ಬಗ್ಗೆ ಅಲ್ಲ. ಇಲ್ಲಿ ಲೆಕ್ಕವೆಲ್ಲ ಆಳದ್ದು.

ಚರ್ಮದ ತೀರಾ ಮೇಲಿರುವುದು ಸತ್ತ ಕೋಶಗಳ ಹಾಳೆ. ದಪ್ಪ ಸುಮಾರು 0.01ರಿಂದ 0.02 ಮಿ.ಮೀ. ಅದನ್ನೂ ಸೇರಿಸಿ ಮುಖದ ಹೊರಚರ್ಮ ಹೆಚ್ಚಿನ ಕಡೆ 0.1 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಕಣ್ಣುರೆಪ್ಪೆಯಲ್ಲಿ ಇನ್ನೂ ತೆಳು. ಹೊರಚರ್ಮದ ಕೋಶಗಳು ತಳದಲ್ಲಿ ಹುಟ್ಟಿ, ಮೇಲೇರಿ, ಉದುರಿಹೋಗಲು ನಾಲ್ಕರಿಂದ ಆರು ವಾರ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಇದರ ಕೆಳಗಿರುವುದು ಒಳಚರ್ಮ. ಅಲ್ಲಿ ಉದುರುವ ಮಾತಿಲ್ಲ. ಒಳಗೆ ಸೇರಿದ ಬಣ್ಣದ ಕಣಗಳನ್ನು ಅಲ್ಲಿನ ರಕ್ಷಕ ಕೋಶಗಳು ನುಂಗಿ, ಜೀರ್ಣಿಸಲಾಗದೆ ಹಿಡಿದಿಟ್ಟುಕೊಳ್ಳುತ್ತವೆ. ಹಚ್ಚೆ ಅಳಿಯದಿರುವುದೂ ಇದೇ ಕಾರಣಕ್ಕೆ.

ಯಂತ್ರದ ತುದಿಗೆ ಸಿಕ್ಕಿಸುವ, ಬದಲಿಸಬಹುದಾದ ಬಿಡಿಭಾಗವೇ ಕಾರ್ಟ್ರಿಜ್. ನ್ಯಾನೋ ಕಾರ್ಟ್ರಿಜ್ ಎಂಬುದರ ತುದಿಯಲ್ಲಿ ಉಕ್ಕಿನ ಸೂಜಿ ಇರುವುದಿಲ್ಲ, ಸಿಲಿಕಾನ್‌ನ ಪುಟ್ಟ ಮೊನೆಗಳಿರುತ್ತವೆ. ಹಗುರವಾಗಿ ಆಡಿಸಿದರೆ ಅವು ಸತ್ತ ಕೋಶಗಳ ಹಾಳೆಯನ್ನು ಕೆದಕುವುದರಲ್ಲೇ ನಿಲ್ಲುತ್ತವೆ. ಹಾಗೆ ಕೂತ ಬಣ್ಣ ಒಂದೆರಡು ವಾರದಲ್ಲಿ ಮುಖ ತೊಳೆದ ನೀರಿನ ಜೊತೆ ಹೋಗುತ್ತದೆ. 0.25ರಿಂದ 0.5 ಮಿ.ಮೀ.ಗೆ ಇಟ್ಟ ಉಕ್ಕಿನ ಸೂಜಿ ಹಾಗಲ್ಲ. ಚರ್ಮ ಬಗ್ಗುವುದರಿಂದ ಅದು ಪೂರ್ತಿ ಆಳ ಮುಟ್ಟದಿದ್ದರೂ ಹೊರಚರ್ಮವನ್ನು ದಾಟಬಲ್ಲದು. ವರ್ಷಗಟ್ಟಲೆ ಉಳಿದ ಬಣ್ಣ ಹಾಗೆ ದಾಟಿದ್ದರ ಫಲ.

ಈ ಚಿಕಿತ್ಸೆಗೆ ಹಚ್ಚುವ ‘ಅರೆಶಾಶ್ವತ’ ಎಂಬ ಪದ ಇವೆರಡರ ನಡುವೆ ಒಂದು ಮೆಟ್ಟಿಲಿದೆ ಎಂಬ ಭಾವನೆ ಹುಟ್ಟಿಸುತ್ತದೆ. ಚರ್ಮದಲ್ಲಿ ಅಂಥ ಮೆಟ್ಟಿಲಿಲ್ಲ. ಮೇಲೆ ಕೂತದ್ದು ಬೇಗ ಹೋಗುತ್ತದೆ, ಕೆಳಗಿಳಿದದ್ದು ಯಾವಾಗ ಹೋಗುತ್ತದೆಂದು ಯಾರೂ ಮಾತು ಕೊಡಲಾರರು. ‘ಎರಡು ವಾರ’ ಎಂದವರು ಪ್ರಾಮಾಣಿಕರು. ‘ಒಂದು ವರ್ಷ ಗ್ಯಾರಂಟಿ’ ಎಂದವರ ಕೈಗೆ ಮುಖ ಕೊಡಬೇಡಿ.

ಇನ್ನೊಂದು ಮಾತು. ಮಾಡಿಸಿಕೊಂಡ ದಿನ ಕಾಣುವ ಹೊಳಪಿನಲ್ಲಿ ದೊಡ್ಡ ಪಾಲು ಸೀರಮ್ಮಿನಲ್ಲಿರುವ ಹಯಲುರಾನಿಕ್ ಆಮ್ಲ ಹಿಡಿದಿಟ್ಟ ನೀರಿನದು, ಸ್ವಲ್ಪ ಪಾಲು ಚುಚ್ಚಿದ ಊತದ್ದು. ಎರಡು ಮೂರು ದಿನದಲ್ಲಿ ಎರಡೂ ಇಳಿಯುತ್ತವೆ. ‘ಮೊದಲು ಮತ್ತು ನಂತರ’ದ ಫೋಟೊಗಳನ್ನು ತೆಗೆಯುವುದು ಅಷ್ಟರೊಳಗೇ.

ಪ್ರಶ್ನೆ: ನನ್ನದು ಎಣ್ಣೆ ಚರ್ಮ, ರಂಧ್ರಗಳು ದೊಡ್ಡವು, ಆಗಾಗ ಮೊಡವೆ ಏಳುತ್ತದೆ. ಮೊಡವೆ ಕಲೆ ಮುಚ್ಚಲು ಮಾಡಿಸಬಹುದೇ?

ಉತ್ತರ: ಕೆಂಪಾದ, ಕೀವು ತುಂಬಿದ ಮೊಡವೆ ಒಂದೇ ಒಂದು ಇದ್ದರೂ ಅಂದು ಬೇಡ. ಯಂತ್ರ ಆ ಮೊಡವೆಯ ಮೇಲೆ ಹಾದು ಮುಂದಕ್ಕೆ ಹೋದಂತೆ ಸೋಂಕನ್ನು ಕೆನ್ನೆಯುದ್ದಕ್ಕೂ ಬಿತ್ತುತ್ತದೆ.

ಮೊಡವೆ ತಣ್ಣಗಿದ್ದಾಗಲೂ ಎಣ್ಣೆ ಚರ್ಮಕ್ಕೆ ಎರಡು ತೊಡಕು. ಬಣ್ಣ ರಂಧ್ರಗಳ ಬಾಯಲ್ಲಿ ಶೇಖರವಾಗುತ್ತದೆ. ದೂರದಿಂದ ಸಮವಾಗಿ ಕಂಡರೂ ಕನ್ನಡಿ ಹತ್ತಿರ ಹಿಡಿದರೆ ಮೂಗಿನ ಪಕ್ಕ, ಕೆನ್ನೆಯ ಒಳಭಾಗದಲ್ಲಿ ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ. ಎರಡನೆಯದು, ಹಣೆ ಮತ್ತು ಮೂಗಿನಲ್ಲಿ ಜಿಡ್ಡು ಹೆಚ್ಚಿರುವುದರಿಂದ ಅಲ್ಲಿ ಬಣ್ಣ ಮೊದಲು ಕಳಚುತ್ತದೆ, ಕೆನ್ನೆಯಲ್ಲಿ ಉಳಿಯುತ್ತದೆ, ಹತ್ತು ದಿನದಲ್ಲಿ ಮುಖ ತೇಪೆ ಹಾಕಿದಂತಾಗುತ್ತದೆ. ಅದನ್ನು ಸರಿಪಡಿಸಲು ಮೂಗಿನ ಮೇಲೆ ಇನ್ನೊಂದಿಷ್ಟು ಒತ್ತಿ ಆಡಿಸುವ ಅಭ್ಯಾಸವಿದೆ. ಬಣ್ಣ ಕೆಳಗಿಳಿಯುವುದು ಹಾಗೇ.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡಿದ್ದರೆ, ನಿಲ್ಲಿಸಿ ಆರು ತಿಂಗಳಾಗಲಿ. ಬಣ್ಣವಿಲ್ಲದ ಮೈಕ್ರೋನೀಡ್ಲಿಂಗ್ (ಸಣ್ಣ ಸೂಜಿಗಳಿಂದ ಚರ್ಮ ಚುಚ್ಚುವ ಚಿಕಿತ್ಸೆ) ವಿಷಯದಲ್ಲಿ ವೈದ್ಯರು ಈಗ ಈ ನಿಯಮವನ್ನು ಸಡಿಲಿಸಿದ್ದಾರೆ, ನಿಜ. ಬಣ್ಣ ಸೇರಿದಾಗ ಹಳೆಯ ನಿಯಮವೇ ಕ್ಷೇಮ. ಇನ್ನು ಗುಳಿಬಿದ್ದ ಕಲೆಗಳಿಗೆ ಬಣ್ಣದಿಂದ ಉಪಯೋಗವಿಲ್ಲ. ಗುಳಿ ಕಾಣುವುದು ನೆರಳಿನಿಂದ, ಬಣ್ಣದಿಂದಲ್ಲ.

ಪ್ರಶ್ನೆ: ನನ್ನ ಮೈಬಣ್ಣ ಗಾಢ ಕಂದು. ಒಂದೆರಡು ಶೇಡ್ ತಿಳಿಯಾಗುವಂತೆ ಮಾಡುತ್ತೇವೆ ಎನ್ನುತ್ತಾರೆ. ಸಾಧ್ಯವೇ?

ಉತ್ತರ: ಈ ಚಿಕಿತ್ಸೆ ಅತಿ ಹೆಚ್ಚು ಕೆಡುವುದು ಇಲ್ಲೇ. ಸೀರಮ್ಮಿನ ಬಿಳುಪು ಟೈಟಾನಿಯಂ ಡೈಆಕ್ಸೈಡ್‌ನದು. ಹಳದಿ, ಕೆಂಪು, ಕಪ್ಪು ಛಾಯೆಗಳು ಐರನ್ ಆಕ್ಸೈಡ್‌ಗಳವು. ತಿಳಿ ಶೇಡ್ ಎಂದರೆ ಟೈಟಾನಿಯಂ ಜಾಸ್ತಿ ಎಂದರ್ಥ. ಕಂದು ಚರ್ಮದ ಮೇಲೆ ಆ ಬಿಳಿ ಪುಡಿ ತಿಳಿಯಾಗಿ ಕಾಣುವುದಿಲ್ಲ, ಬೂದಿ ಬಳಿದಂತೆ ಕಾಣುತ್ತದೆ. ಕುತ್ತಿಗೆ, ಕಿವಿ ಮೊದಲಿನ ಬಣ್ಣದಲ್ಲೇ ಉಳಿದು ಮುಖ ಬೇರೆಯಾಗಿ ನಿಲ್ಲುತ್ತದೆ.

ಅದಕ್ಕಿಂತ ದೊಡ್ಡದು ಚರ್ಮದ ಪ್ರತಿಕ್ರಿಯೆ. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಆರು ಬಗೆ ಮಾಡುವ ಫಿಟ್ಜ್‌ಪ್ಯಾಟ್ರಿಕ್ ಮಾಪನದಲ್ಲಿ ಕಂದು ಮತ್ತು ಕಪ್ಪು ಮೈಬಣ್ಣ 4ರಿಂದ 6ರೊಳಗೆ ಬರುತ್ತದೆ. ಈ ಚರ್ಮದ ಮೆಲನಿನ್ ಕೋಶಗಳು ಚುರುಕು. ಚುಚ್ಚಿದ ಉರಿಯೂತ ಇಳಿದ ಮೇಲೂ ಅವು ಬಣ್ಣ ಸುರಿಯುತ್ತಲೇ ಇರುತ್ತವೆ. ತಿಳಿಯಾಗಲು ಹೋದ ಮುಖಕ್ಕೆ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದು ಹೀಗೆ.

ಮಾಡಿಸಿಯೇ ತೀರುತ್ತೇನೆ ಎಂದರೆ: ನಿಮ್ಮ ಬಣ್ಣಕ್ಕೆ ಸರಿಹೊಂದುವ ಶೇಡ್ ಆಗಿರಲಿ, ತಿಳಿಯದು ಬೇಡ. ದವಡೆಯ ಅಂಚಿನಲ್ಲಿ ಒಂದು ಬೊಟ್ಟು ಹಚ್ಚಿ, ಒಣಗಲು ಹದಿನೈದು ನಿಮಿಷ ಬಿಟ್ಟು, ಹಗಲ ಬೆಳಕಿನಲ್ಲಿ ನೋಡಿ. ಪಾರ್ಲರ್‌ನ ಬಿಳಿ ದೀಪದಡಿ ಎಲ್ಲ ಶೇಡೂ ಒಪ್ಪುತ್ತದೆ. ನ್ಯಾನೋ ಕಾರ್ಟ್ರಿಜ್ ಮಾತ್ರ, ಸೂಜಿ ಬೇಡ.

ಕೆಟ್ಟರೆ ಲೇಸರ್‌ನಲ್ಲಿ ತೆಗೆಸಬಹುದಲ್ಲ ಎಂದು ಇನ್ನೊಬ್ಬರು ಕೇಳಿದ್ದಾರೆ. ಹಚ್ಚೆ ತೆಗೆಯುವ ಲೇಸರ್ ತಾಗಿದರೆ ಟೈಟಾನಿಯಂ ಡೈಆಕ್ಸೈಡ್ ಮತ್ತು ಐರನ್ ಆಕ್ಸೈಡ್ ರಾಸಾಯನಿಕವಾಗಿ ಬದಲಾಗಿ ಆ ಕ್ಷಣವೇ ಕಪ್ಪಾಗಬಹುದು. ಮುಖವಿಡೀ ಹರಡಿದ ಬಣ್ಣ ಹಾಗಾದರೆ ಏನಾಗುತ್ತದೆಂದು ಊಹಿಸಿ.

ಪ್ರಶ್ನೆ: ಎರಡೂ ಕೆನ್ನೆಯಲ್ಲಿ ಭಂಗು ಇದೆ. ದಿನಾ ಕನ್ಸೀಲರ್ ಹಚ್ಚಿ ಸಾಕಾಗಿದೆ. ಇದರಿಂದ ಮುಚ್ಚಿಕೊಳ್ಳಬಹುದೇ?

ಉತ್ತರ: ಬೇಡ. ಭಂಗಿಗೆ ಬಿಸಿಲು, ಹಾರ್ಮೋನು, ಶಾಖ, ಉರಿಯೂತ ಎಲ್ಲವೂ ಪ್ರಚೋದಕಗಳು; ಚುಚ್ಚುವುದು ಉರಿಯೂತವನ್ನು ಕೈಯಾರೆ ತಂದುಕೊಟ್ಟಂತೆ. ಮೇಲೆ ಬಣ್ಣ ಕೂತರೆ ಭಂಗು ಕಡಿಮೆಯಾಯಿತೋ ಹೆಚ್ಚಾಯಿತೋ ವೈದ್ಯರಿಗೂ ಸರಿಯಾಗಿ ತಿಳಿಯುವುದಿಲ್ಲ.

ನಿಮಗೆ ಬೇಕಿರುವುದು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಹೆಚ್ಚು. ಭಂಗನ್ನು ಕೆರಳಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿಗೂ ಪಾಲಿದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಬೇಕಾದಷ್ಟಾಗುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅದೇ ಬಣ್ಣ, ಚರ್ಮದ ಮೇಲಿದ್ದರೆ ಔಷಧ.

ಪ್ರಶ್ನೆ: ಒಣ ಚರ್ಮ, ಬೇಗ ಕೆಂಪಾಗುತ್ತದೆ. ಚಿಕ್ಕಂದಿನಲ್ಲಿ ಇಸಬು ಇತ್ತು.

ಉತ್ತರ: ಬರೀ ಒಣ ಚರ್ಮವಾದರೆ ಎರಡು ವಾರ ಬಿಡದೆ ಮಾಯಿಶ್ಚರೈಸರ್ ಹಚ್ಚಿ ಸಿಪ್ಪೆ ಏಳುವುದು ನಿಂತ ಮೇಲೆ ಯೋಚಿಸಬಹುದು; ಸಿಪ್ಪೆಯ ಅಂಚಿಗೆ ಬಣ್ಣ ಅಂಟಿ ಗೆರೆ ಬೀಳುತ್ತದೆ. ಇಸಬು, ರೋಸೇಸಿಯಾ (ಮುಖ ಪದೇ ಪದೇ ಕೆಂಪೇರುವ ಚರ್ಮರೋಗ) ಇದ್ದವರಿಗೆ ಬೇಡ. ಸೋರಿಯಾಸಿಸ್, ತೊನ್ನು ಇದ್ದವರಿಗಂತೂ ಚುಚ್ಚಿದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ಗಾಯ ಉಬ್ಬಿ ಗಂಟು ಕಟ್ಟುವ ಕೀಲಾಯ್ಡ್ ಪ್ರವೃತ್ತಿ, ಹತೋಟಿಯಲ್ಲಿಲ್ಲದ ಮಧುಮೇಹ, ಗರ್ಭಿಣಿಯರು, ಹಾಲುಣಿಸುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು — ಎಲ್ಲರಿಗೂ ಇದೇ ಉತ್ತರ. ತುಟಿಯ ಬಳಿ ಆಗಾಗ ನೀರುಗುಳ್ಳೆ ಏಳುವವರು ವೈದ್ಯರನ್ನು ಕೇಳದೆ ಬಾಯಿಯ ಸುತ್ತ ಯಂತ್ರ ಮುಟ್ಟಿಸಬಾರದು.

ಪ್ರಶ್ನೆ: ನಾನು ಬ್ಯೂಟಿಷಿಯನ್. ಈ ಯಂತ್ರ ಕೊಂಡಿದ್ದೇನೆ. ಕ್ರಮ ಮತ್ತು ಮುಖ್ಯ ಎಚ್ಚರಿಕೆ ತಿಳಿಸಿ.

ಉತ್ತರ: ಮೊದಲು ಪ್ಯಾಚ್ ಟೆಸ್ಟ್. ಕಿವಿಯ ಹಿಂದೆ, ಅದೇ ಯಂತ್ರ, ಅದೇ ಕಾರ್ಟ್ರಿಜ್, ಅದೇ ಸೀರಮ್ಮಿನಿಂದ ಮಾಡಿ. ಬರೀ ಹಚ್ಚಿ ನೋಡುವುದು ಪರೀಕ್ಷೆಯಲ್ಲ, ಏಕೆಂದರೆ ಮುಖಕ್ಕೆ ನೀವು ಬರೀ ಹಚ್ಚುತ್ತಿಲ್ಲ. 48 ಗಂಟೆಗೆ ಒಮ್ಮೆ ನೋಡಿ, ನಾಲ್ಕು ವಾರಕ್ಕೆ ಇನ್ನೊಮ್ಮೆ. ಗ್ರಾಹಕರು ಅಷ್ಟು ಕಾಯುವುದಿಲ್ಲ ಎನ್ನುತ್ತೀರಿ. ಕಾಯಲಿ.

ಆ ದಿನ ಮುಖವನ್ನು ಸೌಮ್ಯ ಕ್ಲೆನ್ಸರ್‌ನಿಂದ ಎರಡು ಸಲ ತೊಳೆದು ಒಣಗಿಸಿ. ಸ್ಕ್ರಬ್, ಆಮ್ಲದ ಪೀಲ್, ರೆಟಿನಾಲ್ ಯಾವುದನ್ನೂ ಹಿಂದಿನ ಐದಾರು ದಿನ ಬಳಸಿರಬಾರದು. ಹಾಳೆ ಮೊದಲೇ ಸವೆದಿದ್ದರೆ ಮೊನೆ ಲೆಕ್ಕಕ್ಕಿಂತ ಕೆಳಗೆ ಹೋಗುತ್ತದೆ. ಮರಗಟ್ಟಿಸುವ ಕ್ರೀಮ್ ನ್ಯಾನೋಗೆ ಬೇಕಿಲ್ಲ. ನೋವು ತಡೆಯಲಾಗದೆ ಕ್ರೀಮ್ ಕೇಳುತ್ತಿದ್ದಾರೆ ಎಂದರೆ ನಿಮ್ಮ ಆಳ ತಪ್ಪಿದೆ.

ಕಾರ್ಟ್ರಿಜ್ ಒಬ್ಬರಿಗೆ ಒಂದು, ಅವರ ಎದುರೇ ಪೊಟ್ಟಣ ಒಡೆಯಬೇಕು. ಒಳಗೆ ರಬ್ಬರ್ ಪೊರೆ ಇರುವುದನ್ನೇ ಕೊಳ್ಳಿ. ಪೊರೆ ಇಲ್ಲದ್ದರಲ್ಲಿ ಸೀರಮ್ ಹಿಮ್ಮುಖವಾಗಿ ಮೋಟಾರಿಗೆ ನುಗ್ಗುತ್ತದೆ. ಮುಂದಿನವರಿಗೆ ಹೊಸ ಕಾರ್ಟ್ರಿಜ್ ಹಾಕಿದರೂ ಹಿಂದಿನವರ ದ್ರವ ಯಂತ್ರದಲ್ಲೇ ಇರುತ್ತದೆ. ಯಂತ್ರದ ಮೇಲಿನ ಅಂಕಿಯನ್ನು ನಂಬಬೇಡಿ. ಚಾಲೂ ಮಾಡುವ ಮೊದಲು ತುದಿ ಎಷ್ಟು ಹೊರಬಂದಿದೆ ಎಂದು ಪಕ್ಕದಿಂದ ಕಣ್ಣಿಟ್ಟು ನೋಡಿ.

ಒಂದು ಮುಖಕ್ಕೆ 1ರಿಂದ 2 ಮಿ.ಲೀ. ಸೀರಮ್ ಸಾಕು. ಅಂಗೈಯಗಲದ ಜಾಗಕ್ಕೆ ಹನಿಹನಿಯಾಗಿ ಹಾಕಿ ಹರಡಿ, ಕೈ ಭಾರ ಬಿಡದೆ ಸಣ್ಣ ಸುತ್ತುಗಳಲ್ಲಿ ಆಡಿಸಿ. ಒಂದೇ ಕಡೆ ಎರಡು ಮೂರು ಸಲಕ್ಕಿಂತ ಹಾಯಬೇಡಿ. ಸೀರಮ್ ಒಣಗಿದ ಜಾಗದ ಮೇಲೆ ಆಡಿಸಿದರೆ ಗೀರು ಬೀಳುತ್ತದೆ. ಕಣ್ಣುರೆಪ್ಪೆ ಬಿಡಿ, ಕೂದಲಂಚಿಗೆ ಬೆರಳಗಲ ಮೊದಲೇ ನಿಲ್ಲಿಸಿ, ದವಡೆಯ ಕೆಳಗೆ ಬಣ್ಣ ಕ್ರಮೇಣ ತೆಳುವಾಗುವಂತೆ ಹರಡಿ. ಉಳಿದ ಸೀರಮ್ ಎಸೆಯಿರಿ. ದಪ್ಪವಾಯಿತೆಂದು ನಲ್ಲಿ ನೀರು ಬೆರೆಸುವುದು ಅಪಾಯ: ನೀರಿನಲ್ಲಿರುವ ಕೆಲವು ಮೈಕೋಬ್ಯಾಕ್ಟೀರಿಯಾಗಳು ಹೀಗೆ ಒಳಸೇರಿದರೆ ಗಂಟು ಏಳುತ್ತದೆ, ತಿಂಗಳುಗಟ್ಟಲೆ ಆಂಟಿಬಯೋಟಿಕ್ ಬೇಕಾಗುತ್ತದೆ.

ರಕ್ತದ ಒಂದು ಚುಕ್ಕೆ ಕಂಡರೂ ಅಲ್ಲಿಗೇ ನಿಲ್ಲಿಸಿ. ಹೊರಚರ್ಮದಲ್ಲಿ ರಕ್ತನಾಳವಿಲ್ಲ, ಒಳಚರ್ಮದಲ್ಲಿದೆ. ರಕ್ತ ಕಂಡಿತೆಂದರೆ ನೀವೀಗ ಹಚ್ಚೆ ಹಾಕುತ್ತಿದ್ದೀರಿ.

ಮುಗಿದ ಮೇಲೆ 12ರಿಂದ 24 ಗಂಟೆ ಮುಖ ತೊಳೆಯದಿರಲು ಹೇಳಿ. ಎರಡು ದಿನ ವ್ಯಾಯಾಮ, ಹಬೆ, ಈಜು ಬೇಡ. ರೆಟಿನಾಲ್ ಒಂದು ವಾರ ಬೇಡ. ಮರುದಿನದಿಂದ ಸನ್‌ಸ್ಕ್ರೀನ್. ಮುಂದಿನ ಸರದಿಗೆ ಕನಿಷ್ಠ ಎರಡು ವಾರ ಬಿಡಿ. ಕಂದು ಚರ್ಮಕ್ಕೆ ನಾಲ್ಕು.

ಪ್ರಶ್ನೆ: ಮಾಡಿಸಿ ಆರು ವಾರವಾಯಿತು. ಈಗ ಕೆನ್ನೆಯಲ್ಲಿ ಗಟ್ಟಿ ಕೆಂಪು ಗುಳ್ಳೆಗಳು ಏಳುತ್ತಿವೆ, ತುರಿಕೆಯೂ ಇದೆ. ಮೊಡವೆ ಕ್ರೀಮ್ ಹಚ್ಚಿದರೂ ಹೋಗುತ್ತಿಲ್ಲ.

ಉತ್ತರ: ಇದು ಮೊಡವೆ ಅಲ್ಲದಿರುವ ಸಾಧ್ಯತೆ ಹೆಚ್ಚು. ಚುಚ್ಚಿದ ಕೆಂಪು ಒಂದೆರಡು ದಿನದಲ್ಲಿ ಹೋಗಬೇಕು. ಮೊದಲ ವಾರದಲ್ಲೇ ನೋವು, ಬಿಸಿ, ಕೀವು ಬಂದರೆ ಸಾಮಾನ್ಯವಾಗಿ ಸೋಂಕು. ವಾರಗಳ ನಂತರ ಏಳುವ ಗಟ್ಟಿ ಗುಳ್ಳೆ ಎಂದರೆ, ಒಳಗುಳಿದ ವಸ್ತುವನ್ನು ದೇಹ ಗೋಡೆ ಕಟ್ಟಿ ಸುತ್ತುವರಿದಿರಬಹುದು. ಇದನ್ನು ಗ್ರಾನ್ಯುಲೋಮಾ ಎನ್ನುತ್ತಾರೆ. ಮೈಕ್ರೋನೀಡ್ಲಿಂಗ್ ಜೊತೆ ಸೀರಮ್ ಬಳಸಿದವರಲ್ಲಿ ಇದು ಕಂಡುಬಂದದ್ದು 2014ರಲ್ಲೇ ವೈದ್ಯಕೀಯ ವರದಿಯಾಗಿದೆ. ಅಲ್ಲಿ ಬಳಸಿದ ಸೀರಮ್ಮಿನಲ್ಲಿ ವಿಟಮಿನ್ ಸಿ ಇತ್ತು: ಮೇಲೆ ಹಚ್ಚಲು ಯೋಗ್ಯವಾದುದೆಲ್ಲ ಒಳಗೆ ಹೋಗಲು ಯೋಗ್ಯವಲ್ಲ.

ಚರ್ಮವೈದ್ಯರ ಬಳಿ ಹೋಗಿ, ಸೀರಮ್ಮಿನ ಹೆಸರು, ಪದಾರ್ಥಗಳ ಪಟ್ಟಿಯ ಫೋಟೊ, ಮಾಡಿಸಿದ ದಿನಾಂಕ ಕೊಡಿ. ಸಣ್ಣ ತುಣುಕು ತೆಗೆದು ಬಯಾಪ್ಸಿ ಮಾಡಬೇಕಾಗಬಹುದು. ಸೋಂಕೋ ಗ್ರಾನ್ಯುಲೋಮಾವೋ ತಿಳಿಯದೆ ಸ್ಟೆರಾಯ್ಡ್ ಹಚ್ಚಿದರೆ ಸೋಂಕು ಹರಡಬಹುದು. ಅಲ್ಲಿಯವರೆಗೆ ಸ್ಕ್ರಬ್, ಪೀಲ್, ಲೇಸರ್, ಗುಳ್ಳೆ ಹಿಂಡುವುದು ಯಾವುದೂ ಬೇಡ. ಬಣ್ಣ ತುಂಬಿದವರೇ ‘ಇನ್ನೊಂದು ಸಲ ಮಾಡಿದರೆ ಸಮವಾಗುತ್ತದೆ’ ಎಂದರೆ ಒಪ್ಪಬೇಡಿ.

ಪ್ರಶ್ನೆ: ಚುಚ್ಚದೆ ಕೆಲವು ದಿನ ಬಣ್ಣ ಉಳಿಯುವ ದಾರಿ ಇದೆಯೇ?

ಉತ್ತರ: ಇದೆ. ಡೈಹೈಡ್ರಾಕ್ಸಿಅಸಿಟೋನ್, ಅಂದರೆ ಡಿಎಚ್‌ಎ ಇರುವ ಲೋಷನ್. ಅದು ಸತ್ತ ಕೋಶಗಳ ಹಾಳೆಯ ಅಮೈನೋ ಆಮ್ಲಗಳ ಜೊತೆ ಸೇರಿ ಕಂದಾಗುತ್ತದೆ, ರೊಟ್ಟಿ ಸುಟ್ಟಾಗ ಕಂದಾಗುವ ಹಾಗೆ. ಐದರಿಂದ ಏಳು ದಿನದಲ್ಲಿ ಉದುರುತ್ತದೆ. ತಿಳಿ ಮಾಡುವುದಿಲ್ಲ, ಗಾಢ ಮಾತ್ರ ಮಾಡುತ್ತದೆ, ಹಾಗಾಗಿ ತಿಳಿ ಮತ್ತು ಮಧ್ಯಮ ಮೈಬಣ್ಣದವರಿಗೆ ಹೊಂದುತ್ತದೆ. ಮುಖಕ್ಕೆ ಕಡಿಮೆ ಸಾಂದ್ರತೆಯದು, ಶೇ 3ರಿಂದ 5ರದು ಸಾಕು. ಬಟಾಣಿಯಷ್ಟನ್ನು ಮಾಯಿಶ್ಚರೈಸರ್ ಜೊತೆ ಬೆರೆಸಿ ರಾತ್ರಿ ಹಚ್ಚಿ. ಹುಬ್ಬು ಮತ್ತು ಕೂದಲಂಚಿಗೆ ಮೊದಲೇ ಸ್ವಲ್ಪ ವ್ಯಾಸಲೀನ್ ಸವರಿ, ಇಲ್ಲದಿದ್ದರೆ ಅಲ್ಲಿ ಕಿತ್ತಳೆ ಗೆರೆ ಕೂರುತ್ತದೆ. ಹಚ್ಚಿದ ಕೂಡಲೇ ಅಂಗೈ ಮತ್ತು ಬೆರಳ ಸಂದುಗಳನ್ನು ಸೋಪು ಹಾಕಿ ತೊಳೆಯಿರಿ.