ಕೊತ್ತಂಬರಿ ಅಂತ ಪಾರ್ಸ್ಲಿ ತಂದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾವು ದುಬೈನಲ್ಲಿದ್ದೇವೆ. ಮೊನ್ನೆ ಕೊತ್ತಂಬರಿ ಅಂದುಕೊಂಡು ಎರಡು ಕಟ್ಟು ಪಾರ್ಸ್ಲಿ ತಂದುಬಿಟ್ಟೆ. ಸಾರಿಗೆ ಹಾಕಿದ ಮೇಲೆ ಗೊತ್ತಾಯಿತು, ಘಮವೇ ಬೇರೆ. ಆರೋಗ್ಯಕ್ಕೆ ಒಳ್ಳೆಯದು ಅಂತಾರೆ, ಎಸೆಯಲು ಮನಸ್ಸಾಗುತ್ತಿಲ್ಲ. ಇದನ್ನು ಕುದಿಸಿ ಆ ನೀರು ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ನಿಜವೇ? ದಾವಣಗೆರೆಯಿಂದ ಮಾವನವರು ಬಂದಿದ್ದಾರೆ. ಹೃದಯದ ವಾಲ್ವ್ ಬದಲಾಯಿಸಿದೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರೆ. ಅವರಿಗೂ ಕೊಡಬಹುದಾ?
– ಓದುಗರೊಬ್ಬರು, ದುಬೈ

ಉತ್ತರ: ಮಾವನವರ ವಿಷಯದಿಂದಲೇ ಶುರು ಮಾಡುತ್ತೇನೆ. ಮಿಕ್ಕಿದ್ದು ನಿಧಾನಕ್ಕೆ ಓದಿದರೂ ಆಗುತ್ತೆ, ಇದು ಹಾಗಲ್ಲ.

ಮೊದಲು ಅವರ ಮಾತ್ರೆಯ ಹೆಸರು ನೋಡಿ. ವಾರ್ಫರಿನ್ ಅಥವಾ ಅಸಿಟ್ರೋಮ್ ಅಂತ ಇದ್ದರೆ ಪಾರ್ಸ್ಲಿ ಬಗ್ಗೆ ಹುಷಾರಾಗಿರಬೇಕು. ರಕ್ತ ಹೆಪ್ಪುಗಟ್ಟಲು ನಮ್ಮ ಮೈಗೆ ವಿಟಮಿನ್ ಕೆ ಬೇಕು. ಈ ಮಾತ್ರೆಗಳು ಅದರ ಕೆಲಸಕ್ಕೇ ಅಡ್ಡ ನಿಲ್ಲುತ್ತವೆ. ಪಾರ್ಸ್ಲಿಯಲ್ಲಿ ಆ ವಿಟಮಿನ್ ವಿಪರೀತ ಇದೆ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ 100 ಗ್ರಾಂ ಹಸಿ ಪಾರ್ಸ್ಲಿಯಲ್ಲಿ ಸುಮಾರು 1640 ಮೈಕ್ರೋಗ್ರಾಂ, ಅದೇ ಕೊತ್ತಂಬರಿಯಲ್ಲಿ 310. ನಾಲ್ಕು ದಿನ ಬಟ್ಟಲು ತುಂಬಾ ಪಾರ್ಸ್ಲಿ ತಿಂದು ಆಮೇಲೆ ಪೂರ್ತಿ ಬಿಟ್ಟರೆ, ಮಾತ್ರೆಯ ಲೆಕ್ಕ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಪ್ಪುತ್ತದೆ. ವಾಲ್ವ್ ಹಾಕಿಸಿಕೊಂಡವರಿಗೆ ಅದು ಅಪಾಯ. ಹಾಗಂತ ಸೊಪ್ಪನ್ನೇ ಬಿಡಿಸಬೇಡಿ. ಊರಿನಲ್ಲಿ ಎಷ್ಟು ಸೊಪ್ಪು ತಿನ್ನುತ್ತಿದ್ದರೋ ಇಲ್ಲೂ ಹೆಚ್ಚುಕಡಿಮೆ ಅಷ್ಟೇ ಇರಲಿ. ಅವರ ತಟ್ಟೆಗೆ ಹೊಸದಾಗಿ ಪಾರ್ಸ್ಲಿ ಸೇರಿಸುವುದಾದರೆ ಡಾಕ್ಟರನ್ನು ಕೇಳಿಯೇ ಸೇರಿಸಿ. ಅಪಿಕ್ಸಬಾನ್, ರಿವರೋಕ್ಸಬಾನ್ ಥರದ ಹೊಸ ಮಾತ್ರೆಗಳಿಗೆ ವಿಟಮಿನ್ ಕೆ ಜೊತೆ ಈ ಜಗಳ ಇಲ್ಲ. ಆದರೆ ಲೋಹದ ವಾಲ್ವ್ ಇದ್ದವರಿಗೆ ಸಾಮಾನ್ಯವಾಗಿ ಅವನ್ನು ಕೊಡುವುದಿಲ್ಲ.

ನಿಮ್ಮೆಲ್ಲರ ಮಾತು ಬೇರೆ. ಚೆನ್ನಾಗಿ ತಿನ್ನಿ, ತುಂಬಾ ಒಳ್ಳೆಯ ಸೊಪ್ಪು ಅದು. ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ, ಓಮ ಎಲ್ಲದರ ನೆಂಟ, ಕ್ಯಾರೆಟ್ ಕೂಡ ಇದೇ ಮನೆತನ. 100 ಗ್ರಾಂಗೆ 133 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕಿತ್ತಳೆಯಲ್ಲಿ ಇಷ್ಟು ಇಲ್ಲ. ಫೋಲೇಟ್ ಇದೆ, ಕಣ್ಣಿಗೆ ಬೇಕಾದ ಬೀಟಾ ಕ್ಯಾರೊಟಿನ್ ಇದೆ.

ಆದರೆ ಇಲ್ಲೊಂದು ವಿಷಯ ಜನ ಮರೆಯುತ್ತಾರೆ. 100 ಗ್ರಾಂ ಪಾರ್ಸ್ಲಿ ಅಂದರೆ ದೊಡ್ಡ ಗುಡ್ಡೆ! ಹೋಟೆಲ್‌ನಲ್ಲಿ ತಟ್ಟೆಯ ಮೂಲೆಗೆ ಇಡುವ ಒಂದು ಎಳೆ ಒಂದೆರಡು ಗ್ರಾಂ ಬರಬಹುದು ಅಷ್ಟೇ, ಅದರಿಂದ ಏನೂ ಆಗುವುದಿಲ್ಲ. ಲಾಭ ಬೇಕಾದರೆ ಪಾರ್ಸ್ಲಿಯನ್ನು ಅಲಂಕಾರದ ಥರ ಅಲ್ಲ, ಸೊಪ್ಪಿನ ಥರ ತಿನ್ನಬೇಕು. ಲೆಬನಾನ್‌ನವರು ಮಾಡುವುದೇ ಅದು. ಅವರ ತಬ್ಬೂಲೆ ನೋಡಿ. ಗೋಧಿ ನುಚ್ಚು ಹೆಸರಿಗೆ ಒಂದಿಷ್ಟು, ಟೊಮೆಟೊ, ಈರುಳ್ಳಿ, ಪುದೀನ, ನಿಂಬೆರಸ, ಆಲಿವ್ ಎಣ್ಣೆ, ಮಿಕ್ಕಿದ್ದೆಲ್ಲಾ ಸಣ್ಣಗೆ ಹೆಚ್ಚಿದ ಪಾರ್ಸ್ಲಿ. ನಮ್ಮ ಕೋಸಂಬರಿಯಲ್ಲಿ ಬೇಳೆ ಮುಂದೆ, ಕೊತ್ತಂಬರಿ ಹಿಂದೆ, ಅಲ್ವಾ? ಅಲ್ಲಿ ಅದು ತಿರುಗಾಮುರುಗಾ. ಒಬ್ಬರ ಪಾಲಿಗೆ 30 ಗ್ರಾಂ ಸೊಪ್ಪು ಹೋದರೂ 40 ಮಿಲಿಗ್ರಾಂ ವಿಟಮಿನ್ ಸಿ ಸಿಕ್ಕಿತು. ಹೆಂಗಸರಿಗೆ ದಿನಕ್ಕೆ 65 ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಅರ್ಧಕ್ಕಿಂತ ಜಾಸ್ತಿ ಆಯಿತು.

ಕಬ್ಬಿಣದ ಅಂಶದ ಬಗ್ಗೆ ಮಾತ್ರ ಸ್ವಲ್ಪ ಉತ್ಪ್ರೇಕ್ಷೆ ನಡೆಯುತ್ತದೆ. ಅದೇ 30 ಗ್ರಾಂನಲ್ಲಿ ಸಿಗುವುದು 2 ಮಿಲಿಗ್ರಾಂಗೂ ಕಡಿಮೆ, ಹೆಂಗಸರಿಗೆ ಬೇಕಾದ್ದು 29. ಪಾರ್ಸ್ಲಿ ನಂಬಿಕೊಂಡು ರಕ್ತಹೀನತೆಯ ಮಾತ್ರೆ ನಿಲ್ಲಿಸಬೇಡಿ. ಆದರೆ ಅದರ ವಿಟಮಿನ್ ಸಿ, ಜೊತೆಗೆ ತಿನ್ನುವ ಕಾಳಿನ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತೆ. ಕಡಲೆಕಾಳಿನ ಉಸಲಿ ಇಳಿಸಿದ ಮೇಲೆ ಒಂದು ಹಿಡಿ ಹೆಚ್ಚಿ ಹಾಕಿ, ನಿಂಬೆಹಣ್ಣು ಹಿಂಡಿ. ನನಗೆ ತುಂಬಾ ಇಷ್ಟ ಇದು. ಇಳಿಸಿದ ಮೇಲೆ ಅಂತ ಯಾಕೆ ಹೇಳಿದೆ ಅಂದರೆ, ಜಾಸ್ತಿ ಹೊತ್ತು ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ, ಘಮವೂ ಹೋಗುತ್ತದೆ. ಅಕ್ಕಿ ರೊಟ್ಟಿಗೆ ಸಬ್ಬಸಿಗೆ ಬದಲು ಕಲಸಿದರೂ ರುಚಿ. ಸಾರಿಗೆ ಬೇಡ, ನಿಮಗೇ ಗೊತ್ತಾಯಿತಲ್ಲ.

ಇನ್ನು ಕಿಡ್ನಿ ಕ್ಲೀನ್ ಮಾಡುವ ನೀರು. ಈ ಮೆಸೇಜ್ ನನಗೂ ಎಷ್ಟೋ ಸಲ ಬಂದಿದೆ. ಪಾರ್ಸ್ಲಿ ಅಂತ ಬರೆದು ಪಕ್ಕದಲ್ಲೇ ಧನಿಯಾ ಅಂತ ಹಾಕಿರುತ್ತಾರೆ, ಯಾವ ಸೊಪ್ಪು ಅನ್ನುವುದೇ ಅವರಿಗೆ ಗೊತ್ತಿಲ್ಲ. ಕಿಡ್ನಿ ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಯಾವ ಕಷಾಯವೂ ಅದನ್ನು ತೊಳೆಯುವುದಿಲ್ಲ. ಕಿಡ್ನಿ ಆಗಲೇ ದುರ್ಬಲ ಆದವರಿಗಂತೂ ಇದರಿಂದ ತೊಂದರೆಯೇ ಆಗಬಹುದು. ಪಾರ್ಸ್ಲಿಯಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಲ್ಲಾಗಲು ಕಾರಣವಾಗುವ ಆಕ್ಸಲೇಟ್ ಕೂಡ ಇದೆ. ಕಿಡ್ನಿಯಲ್ಲಿ ಕಲ್ಲಾಗುವವರು ದಿನಾ ಲೋಟಗಟ್ಟಲೆ ಕುಡಿಯುವುದು ಬೇಡ. ಗರ್ಭಿಣಿಯರು ಅಡುಗೆಗೆ ಬಳಸುವಷ್ಟು ತಿಂದರೆ ಭಯ ಇಲ್ಲ, ಆದರೆ ಅದರ ಬೀಜದ ಎಣ್ಣೆ, ಗಟ್ಟಿ ಕಷಾಯದಿಂದ ದೂರ ಇರಬೇಕು. ಅವು ಗರ್ಭಕೋಶವನ್ನು ಕೆರಳಿಸುತ್ತವೆ.

ಮುಂದಿನ ಸಲ ಕೊತ್ತಂಬರಿಯೇ ಬೇಕಿದ್ದರೆ ಒಂದು ಎಲೆ ಬೆರಳಲ್ಲಿ ಹೊಸಕಿ ಮೂಸಿ. ಕೊತ್ತಂಬರಿ ಎಲೆಯ ಅಂಚು ದುಂಡಗೆ, ಪಾರ್ಸ್ಲಿಯದು ಚೂಪು. ಅಲ್ಲಿನ ಅಂಗಡಿಯವರನ್ನು ಕೇಳುವುದಾದರೆ ಕುಜ್ಬರಾ ಅಂದರೆ ಕೊತ್ತಂಬರಿ, ಬಕ್ದೂನಿಸ್ ಅಂದರೆ ಪಾರ್ಸ್ಲಿ. ಈಗ ತಂದಿರುವುದನ್ನು ಹೂವಿನ ಹಾಗೆ ದಂಟು ಮುಳುಗುವಂತೆ ಲೋಟದ ನೀರಿನಲ್ಲಿ ನಿಲ್ಲಿಸಿ, ಮೇಲೆ ಸಡಿಲವಾಗಿ ಕವರ್ ಮುಚ್ಚಿ ಫ್ರಿಜ್‌ನಲ್ಲಿಡಿ. ವಾರ ಬರುತ್ತೆ. ಬಳಸುವ ಮುಂಚೆ ಮೂರು ನೀರಿನಲ್ಲಿ ತೊಳೆಯಿರಿ, ಮರಳು ಕೂತಿರುತ್ತೆ.

ಹಾಂ, ಮಾವನವರ ಐಎನ್‌ಆರ್ ಟೆಸ್ಟ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಪರೀಕ್ಷೆ) ಕೊನೆಗೆ ಮಾಡಿಸಿದ್ದು ಯಾವಾಗ ಅಂತ ಇವತ್ತೇ ಚೀಟಿ ತೆಗೆದು ನೋಡಿ. ಊರು ಬದಲಾಗಿದೆ, ಊಟ ಬದಲಾಗಿದೆ. ತಿಂಗಳಾಗಿದ್ದರೆ ಅಲ್ಲೇ ಒಂದು ಲ್ಯಾಬ್‌ನಲ್ಲಿ ಮಾಡಿಸಿ, ರಿಪೋರ್ಟ್ ಅನ್ನು ದಾವಣಗೆರೆಯ ಡಾಕ್ಟರಿಗೆ ಕಳಿಸಿಬಿಡಿ.